ಮೇಜಿಲ್ಲದವನು

ಅಲ್ವಾನಿಯಿಂದ ಒಮಾಲೋಗೆ ಹತ್ತುವ ಘಟ್ಟದಲ್ಲಿ
ಅಲ್ಲಲ್ಲಿ ತಿರುವಿನ ಅಂಚಿಗೆ ಕಲ್ಲಿನ ಮೇಜು.
ಮೇಜಿನ ಮೇಲೆ ಒಂದು ಹೆಸರು, ಎರಡು ಇಸವಿ,
ಬೋರಲು ಹಾಕಿದ ಒಂದು ಗಾಜಿನ ಲೋಟ.
ಬಿದ್ದವರ ನೆನಪಿಗೆ ಅಲ್ಲಿ ನಿಂತು
ದ್ರಾಕ್ಷಿ ಸಾರಾಯಿಯ ಒಂದು ಗುಟುಕು ಕುಡಿಯುವುದು ನಮ್ಮ ವಾಡಿಕೆ.
ಜುಂಬೆರ್ ಮಾಮ ನಿಲ್ಲುತ್ತಿದ್ದ, ಟೋಪಿ ತೆಗೆಯುತ್ತಿದ್ದ,
ಲೋಟವನ್ನು ಮಣ್ಣಿಗೆ ಬಗ್ಗಿಸುತ್ತಿದ್ದ.
"ಬಾಯಾರಿಕೆ ಇವನಿಗೆ. ನನಗೆ ಇನ್ನೂ ಅರವತ್ತು ತಿರುವು."

ಅವನ ವ್ಯಾನು ಜಪಾನಿನಲ್ಲಿ ಹುಟ್ಟಿದ್ದು, ಸ್ಟೇರಿಂಗು ಬಲಕ್ಕೆ.
ನಮ್ಮಲ್ಲಿ ಗಾಡಿ ಹೋಗುವುದೂ ಬಲಕ್ಕೇ.
ಹಾಗಾಗಿ ಅರ್ಧ ದಾರಿ ಪ್ರಪಾತ ಕೂರುವುದು
ನನ್ನ ಮೊಣಕೈಗೆ ಮೊಣಕೈ ತಾಗಿಸಿಕೊಂಡು,
ಟಿಕೆಟ್ಟಿಲ್ಲದೆ.
"ಒಳ್ಳೆಯದೇ ಆಯಿತು" ಎಂದ ಮಾಮ,
"ಅಂಚು ಕಾಣದವನೇ ಅಂಚಿಗೆ ಹೋಗುವುದು."

ಮೊದಲ ದಿನ ನಾನು ಬೀಗಿದ್ದೆ:
ನಾಲ್ಕೂ ಗಾಲಿಗೆ ಬಲವಿರುವ ಗಾಡಿ, ಇನ್ನು ಕೆಸರೇನು, ಕಲ್ಲೇನು!
ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ಹೇಳಿದ:
"ಹತ್ತಲು ನಿನಗೆ ನಾಲ್ಕು, ಪೇಟೆಯ ಕಾರಿಗೆ ಎರಡು, ಸರಿ.
ನಿಲ್ಲಲು ಮಾತ್ರ ಎಲ್ಲರಿಗೂ ನಾಲ್ಕೇ, ಎತೇರಿ.
ಜಾರುವಾಗ ನಿನ್ನದು ಭಾರ ಹೆಚ್ಚು, ಅಷ್ಟೇ."

ಹತ್ತಿದ ಗೇರಿನಲ್ಲೇ ಇಳಿ.
ಎಂಜಿನ್ನು ಗೊಣಗಲಿ ಬಿಡು, ಗೊಣಗುವವರು ಕೈ ಬಿಡುವುದಿಲ್ಲ.
ಬ್ರೇಕೆಂದರೆ ಬಾಗಿಲು ತಟ್ಟಿದ ಹಾಗೆ: ಒತ್ತು, ಬಿಡು.
ತೆಗೆಯುವ ತನಕ ಒರಗಿ ನಿಲ್ಲುವುದು ಸಾಲ ವಸೂಲಿಯವರ ಕೆಲಸ.
ಹೊಳೆ ದಾಟಿದ ಮೇಲೆ ಇಪ್ಪತ್ತು ಮಾರು
ಪೆಡಲನ್ನು ಸವರಿಕೊಂಡೇ ಹೋಗು;
ಒದ್ದೆ ಬ್ರೇಕು ಒದ್ದೆ ಬೆಂಕಿಕಡ್ಡಿ,
ಬೇಕಾದಾಗಲೇ ಹೊತ್ತುವುದಿಲ್ಲ.
ಕುರಿಮಂದೆ ಎದುರಾದರೆ ಹಾರನ್ ಬೇಡ.
ಕುರಿಗಳು ಹೆದರುವುದು ಯಾವಾಗಲೂ ಕಣಿವೆಯ ಕಡೆಗೇ.

ಕಲಿತೆ. ಕಲಿತದ್ದನ್ನು ಒಂದು ಬೆಳಿಗ್ಗೆ ಮರೆತೆ.

ಹೋದ ಸೆಪ್ಟೆಂಬರು. ಹಿಂದೆ ಆರು ಚೀಲ ಚೀಸು,
ಪಕ್ಕದಲ್ಲಿ ಸಂಜೆಯ ವಿಮಾನ ಹಿಡಿಯಬೇಕಾದ ಒಬ್ಬ.
ಅವನ ಗಡಿಯಾರ ಅವನ ಕೈಯಲ್ಲಿತ್ತು,
ಅದರ ಮುಳ್ಳು ನನ್ನ ಪಾದದಲ್ಲಿ.
ಏಳು ತಿರುವು ಎತ್ತಲೇ ಇಲ್ಲ ಬ್ರೇಕಿನಿಂದ ಕಾಲು.
ಮೊದಲು ವಾಸನೆ ಬಂತು,
ಬಾಣಲೆಯಲ್ಲಿ ಮರೆತ ಕಬ್ಬಿಣದ ವಾಸನೆ.
ಆಮೇಲೆ ಪೆಡಲು
ಕಳಿತ ಅಂಜೂರದ ಹಾಗೆ ಮೆತ್ತಗೆ ಒಳಗೆ ಹೋಯಿತು.

ಕೂಗಲಿಲ್ಲ. ಎರಡನೆಯ ಗೇರು. ಒಂದನೆಯದು.
ಎಂಜಿನ್ನು ಗೊಣಗಲಿಲ್ಲ, ಅರಚಿತು.
ಗುಡ್ಡದ ಬದಿಗೆ ಎಳೆದೆ, ಮಣ್ಣಿಗೆ ಭುಜ ಉಜ್ಜಿಕೊಂಡು
ಒಂದು ಮೇಜಿನ ಎದುರು ನಿಂತಿತು ಗಾಡಿ.

ಗಾಲಿಗಳಿಗೆ ಕಲ್ಲು ಕೊಟ್ಟೆ.
ಅವನು ಪಾಪ, ಗಾಬರಿಗೆ, ಬಾಟಲಿ ನೀರನ್ನು ಚಕ್ರಕ್ಕೆ ಸುರಿಯಲು ಹೊರಟ;
ಕಾದ ಕಬ್ಬಿಣ ಬಿರಿಯುತ್ತದೆ ಎಂದು ತಡೆದೆ.
"ಎಷ್ಟು ಹೊತ್ತು?"
"ಅದಕ್ಕೆ ತಣಿಯಬೇಕು ಅನ್ನಿಸುವಷ್ಟು."
"ನನ್ನ ವಿಮಾನ..."
ಮೇಜು ತೋರಿಸಿದೆ. ಬೆಸಾರಿಯೋನ್, ೧೯೬೧, ೧೯೯೪.
ಕೂಡಿ ಕಳೆದು ನೋಡಿದ. ಅವನದೂ ಅದೇ ಪ್ರಾಯವಂತೆ.
ಆಮೇಲೆ ಗಡಿಯಾರ ನೋಡಲಿಲ್ಲ.
ಮುಕ್ಕಾಲು ಗಂಟೆ ಇಬ್ಬರೂ ಚೀಸು ತಿಂದೆವು.

ಜುಂಬೆರ್ ಮಾಮ ಸತ್ತದ್ದು ಹಾಸಿಗೆಯಲ್ಲಿ, ಎಂಬತ್ತೊಂದಕ್ಕೆ,
ಉಣ್ಣೆಯ ಕಾಲುಚೀಲ ಹಾಕಿಕೊಂಡು, ಬೇಸರ ಬಂದವನ ಹಾಗೆ.
ನಲವತ್ತು ಬೇಸಿಗೆ ಗಾಡಿ ಓಡಿಸಿದ ದಾರಿಯಲ್ಲಿ
ಎಲ್ಲಿ ಹುಡುಕಿದರೂ ಅವನ ಹೆಸರಿನ ಮೇಜಿಲ್ಲ.
ಎಲ್ಲಿ ನಿಂತು ಅವನಿಗೆ ಲೋಟ ಬಗ್ಗಿಸುವುದೋ ತಿಳಿಯದೆ
ನಾನು ಪ್ರತಿ ತಿರುವಿಗೆ ಮುಂಚೆ,
ತಿರುವಿನಲ್ಲಿ ಅಲ್ಲ, ಮುಂಚೆ,
ಒಮ್ಮೆ ಒತ್ತುತ್ತೇನೆ,
ಬಿಡುತ್ತೇನೆ.